ಮೊಳೆಗೆ ನೇತುಹಾಕಿದ್ದ ಇನ್ನೊಂದು ಬೀಗದ ಕೈ

‘ಧೈರ್ಯ ತಂದ್ಕೋ’ ಎಂದು ಅವಳಿಗೆ ಹೇಳಿದವರಲ್ಲಿ ಒಬ್ಬರೂ ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಹೇಳಲಿಲ್ಲ. ಹಾಗೆ ಹೇಳಿದವರೆಲ್ಲ ಹಾಯಾಗಿ ನಿದ್ದೆ ಮಾಡುವವರು.

ನಾನು ಗುಂಡಿ ಹೊಲಿಯುವ ಲಾಂಡ್ರಿಯಲ್ಲಿ ಅವಳು ಇಸ್ತ್ರಿಯವಳು. ಕಾಲರಿನ ಮೂಲೆಯನ್ನು ಅವಳಷ್ಟು ಚೂಪಾಗಿ ಕೂರಿಸುವವರಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದಲೇ ಅವಳ ಎದೆಯಲ್ಲಿ ಯಾರೋ ಬಾಗಿಲು ಬಡಿಯುತ್ತಿರುತ್ತಾರೆ. ಮಗಳ ಬಸ್ಸು ಉರುಳಿದರೆ? ಗಂಡನ ಎದೆನೋವು ಬರೀ ಗ್ಯಾಸ್ ಅಲ್ಲದಿದ್ದರೆ? ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಆ ಭಯಗಳೆಲ್ಲ ಇಸ್ತ್ರಿಪೆಟ್ಟಿಗೆಯ ಮೇಲೆ ಬಂದು ಕೂರುತ್ತಿದ್ದವು. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗುವಳು, ಓಡಿ ಬಂದು ಬೀಗ ತೆಗೆದು ಪ್ಲಗ್ ನೋಡುವಳು, ಮತ್ತೆ ಹೋಗುವಳು, ಮತ್ತೆ ಬರುವಳು. ಒಗೆಯುವ ಹೆಂಗಸರು ಅವಳಿಗೆ ‘ಇನ್ನೊಂದ್ಸಲ’ ಎಂದೇ ಹೆಸರಿಟ್ಟಿದ್ದರು.

ಕೊನೆಗೆ ಯಜಮಾನಿ ಗದರಿದಳು: “ಬಾಗಿಲು ಹಾಕೋಕೆ ನಿಂಗೆ ಮುಹೂರ್ತ ಬೇಕೇನಮ್ಮ? ಹೀಗೇ ಆದ್ರೆ ಬೀಗದ ಕೈ ಬೇರೆಯವರಿಗೆ ಕೊಡ್ತೀನಿ.”

ಆ ಬೀಗದ ಕೈ ಅವಳ ಮರ್ಯಾದೆ. ಅದಕ್ಕೇ ನನ್ನನ್ನೂ ಜೊತೆಗೆ ಕರೆದುಕೊಂಡು ಆಪ್ತಸಲಹೆಗಾರ್ತಿಯ ಹತ್ತಿರ ಹೋದಳು. ನೆಂಟರು ಬಿಟ್ಟಾರೆಯೇ? “ತಲೆ ಕೆಟ್ಟೋರು ಹೋಗೋ ಜಾಗ ಅದು. ದೇವರ ಮೇಲೆ ಭಾರ ಹಾಕು, ಸಾಕು.” ನಾನು ದಿನವೂ ಕೈಮುಗಿಯುವವಳು. ಆದರೂ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ದೇವರ ತಲೆಗೆ ಕಟ್ಟಿ ತಾವು ಕೈ ತೊಳೆದುಕೊಳ್ಳುವವರ ಭಕ್ತಿ ಅದೆಂಥದೋ!

ಎರಡು ಕುರ್ಚಿ, ಒಂದು ಕಿಟಕಿಯ ಆ ಪುಟ್ಟ ಕೋಣೆಗೆ ಅವಳ ಗಂಡನೂ ಬಂದಿದ್ದ. ಅವನು ಬಾಗಿಲಿಗೆ ಒರಗಿ ನಿಂತ, ಅವನ ಪಕ್ಕ ನಾನು.

“ಒಂದು ಸಲ ನೋಡಿ, ಬೀಗ ಹಾಕಿ, ತಿರುವಿನಲ್ಲಿ ನಿಂತ್ಕೊಳ್ಳಿ,” ಎಂದಳು ಸಲಹೆಗಾರ್ತಿ. “ಭಯ ಬರ್ಲಿ. ಏರಿದ್ದು ತಾನಾಗೇ ಇಳಿಯತ್ತೆ. ವಾಪಸ್ ಓಡಿದಷ್ಟೂ, ಪ್ಲಗ್ ತೆಗೆದ ನಿಮ್ಮ ಕೈ ಸುಳ್ಳು ಹೇಳತ್ತೆ ಅಂತ ನೀವೇ ಒಪ್ಪಿಕೊಂಡ ಹಾಗೆ.” ಆಮೇಲೆ ಗಂಡನತ್ತ ತಿರುಗಿದಳು. “ನೀವು ‘ಏನೂ ಆಗಿಲ್ಲ, ನಾನು ನೋಡ್ಕೋತೀನಿ’ ಅನ್ನಬಾರದು. ಆ ಸಮಾಧಾನ ತಿಂದೇ ಭಯ ಕೊಬ್ಬೋದು.”

ಅವನು ಜಾಣನಂತೆ ತಲೆಯಾಡಿಸಿದ.

ಸಂಜೆಗಳಲ್ಲಿ ತಿರುವಿನ ದೀಪದ ಕಂಬದ ಕೆಳಗೆ ನಾನು ಅವಳ ಜೊತೆ ನಿಲ್ಲುತ್ತಿದ್ದೆ. ಅವಳ ರವಿಕೆ ಬೆವರಿಗೆ ಬೆನ್ನಿಗಂಟುತ್ತಿತ್ತು. “ಅಕ್ಕಾ, ಏನಾದ್ರೂ ಮಾತಾಡಿ,” ಎನ್ನುವಳು. ನಾನು ತುಟಿ ಬಿಚ್ಚುತ್ತಿರಲಿಲ್ಲ. ಸಲಹೆಗಾರ್ತಿ ನನಗೂ ಹಾಗೆಂದೇ ಹೇಳಿದ್ದಳು. ಮೊದಮೊದಲು ಕಂಬ ಹಿಡಿದು ಅಳುತ್ತಿದ್ದವಳು ಬರಬರುತ್ತಾ, “ಹಾಳಾದ್ದು, ಉರಿದ್ರೆ ಉರೀಲಿ, ಯಜಮಾನಿ ಬಾಯೂ ಸ್ವಲ್ಪ ಸುಡತ್ತೆ,” ಎಂದು ನಗುವಷ್ಟಾದಳು. ಬೀಗದ ಕೈ ಅವಳ ಬಳಿಯೇ ಉಳಿಯಿತು.

ಆ ಖುಷಿಗೆ ನನ್ನನ್ನು ಊಟಕ್ಕೆ ಕರೆದಿದ್ದಳು. ಗಂಡ ಹೆಮ್ಮೆಯಿಂದ ಬೀಗುತ್ತಿದ್ದ.

“ಈಗ ಹೇಳಿದ್ರೆ ತಪ್ಪಿಲ್ಲ,” ಎಂದು, ಒಂದು ಕಳೆದರೂ ಇರಲೆಂದು ಗೋಡೆಯ ಮೊಳೆಗೆ ನೇತುಹಾಕಿದ್ದ ಅಂಗಡಿಯ ಇನ್ನೊಂದು ಬೀಗದ ಕೈಯನ್ನು ತೋರಿಸಿದ. “ದಿನಾ ನೀವಿಬ್ರೂ ತಿರುವು ದಾಟಿದ್ಮೇಲೆ ನಾನು ಹೋಗಿ ನೋಡ್ಕೊಂಡು ಬರ್ತಿದ್ದೆ. ಒಂದಿನಾನೂ ಪ್ಲಗ್ ಮರೆತಿಲ್ಲ ಕಣೇ ನೀನು!”

ಅವಳ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಜಾರಿತು.

“ಯಾರು ಕೇಳಿದ್ರು ನಿಮ್ಮನ್ನ?”

“ನಿನ್ನ ಒಳ್ಳೇದಕ್ಕೇ ಅಲ್ವೇನೇ...”

“ನನ್ನ ಒಳ್ಳೇದು! ಅಲ್ಲಿ ನಿಂತು ಸತ್ತು ಹುಟ್ಟಿದ್ದು ನಾನು. ಅಂಗಡಿ ಸುಡದೆ ಉಳಿದಿದ್ದು ನನ್ನ ಕೈಯಿಂದಲೋ, ನಿಮ್ಮ ಕಾವಲಿಂದಲೋ? ಹೇಳ್ರೀ!”

“ನಿನ್ನ ಕೈಯಿಂದಲೇ. ನಾನೇ ಕಣ್ಣಾರೆ ನೋಡಿದ್ದೀನಲ್ಲ!”

“ಅದೇ ನೋಡಿ! ಮತ್ತೆ ನಿಮ್ಮ ಕಣ್ಣೇ ಸಾಕ್ಷಿ. ನಾಳೆ ನನ್ನ ಭಯ ಏನನ್ನತ್ತೆ ಗೊತ್ತಾ? ‘ಅವರು ನೋಡಿದ್ದಕ್ಕೆ ಬಚಾವಾದೆ, ಅವರಿಲ್ಲದ ದಿನ ಏನ್ಮಾಡ್ತೀಯ?’ ಕಷ್ಟಪಟ್ಟು ಕಟ್ಟಿದ್ದನ್ನ ಒಂದೇ ಮಾತಲ್ಲಿ ಕೆಡವಿದ್ರಿ. ಎಲ್ಲರೂ ನನ್ನನ್ನ ಅಣಕಿಸಿದ್ರು. ನೀವು ಅದನ್ನೇ ಪ್ರೀತಿಯಿಂದ ಮಾಡಿದ್ರಿ.”

ಅವನು ಸಹಾಯಕ್ಕೆ ನನ್ನತ್ತ ನೋಡಿದ. ನಾನು ನೋಟ ತಪ್ಪಿಸಲಿಲ್ಲ, ಸಹಾಯಕ್ಕೂ ಹೋಗಲಿಲ್ಲ. ಅವಳು ಮೊಳೆಯಿಂದ ಬೀಗದ ಕೈ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಾರನೆಯ ಸಂಜೆ ಅವನನ್ನು ಅಂಗಡಿಗೇ ಕರೆಸಿದಳು. ಅವನ ಕಣ್ಣೆದುರೇ ಬಾಗಿಲು ಮುಚ್ಚಿದಳು. ಒಳಗೆ ಮಾತ್ರ ಬಿಡಲಿಲ್ಲ. ತಿರುವಿಗೆ ಬಂದವಳು ಮೊದಲ ದಿನದಂತೆಯೇ ದೀಪದ ಕಂಬ ಹಿಡಿದುಕೊಂಡಳು.

“ಇಲ್ಲೇ ನಿಂತ್ಕೊಳ್ಳಿ. ಬಾಯಿ ಮುಚ್ಕೊಂಡು.”

ಅವನು ನಿಂತ. ಕಾಲು ಬದಲಿಸಿದ. ಅಂಗಡಿಯತ್ತ ಕತ್ತು ಚಾಚಿದ. ಹಣೆ ಒರೆಸಿಕೊಂಡ. ಕೊನೆಗೆ ತಡೆಯಲಾರದೆ ಮೆಲ್ಲಗೆ, “ಒಂದೇ ಒಂದ್ಸಲ ನೋಡ್ಕೊಂಡು ಬಂದ್ಬಿಡ್ಲಾ?” ಎಂದ.

“ಬೇಡ,” ಎಂದಳು. “ನಿಮಗೂ ಗೊತ್ತಾಗ್ಲಿ.”

ಅವಳ ಸಿಟ್ಟು ಇಳಿದಿರಲಿಲ್ಲ. ಭಯವೂ ಇನ್ನೂ ಅಲ್ಲೇ ಇತ್ತು. ಅದು ಇಳಿಯುವವರೆಗೆ ಕಂಬ ಹಿಡಿದೇ ನಿಂತಿದ್ದು, ಅಂಗಡಿಯತ್ತ ತಿರುಗಿ ನೋಡದೆ ಮನೆಯ ದಾರಿ ಹಿಡಿದಳು. ಅವನು ಹಿಂದೆ ಹಿಂದೆ ನಡೆದ.