ಪೆಟ್ಟಿಗೆ ಮನೆಯಲ್ಲಿ, ನಾವು ದ್ವೀಪದಲ್ಲಿ

ಆಗಸ್ಟ್ ತಿಂಗಳ ಎರಡನೆಯ ಶನಿವಾರ, ಸಂಜೆ ಐದು ಗಂಟೆ. ಸ್ಥಳ, ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು ನಾನು, ನಮ್ಮ ಯಜಮಾನರು, ಷಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಿಂದ ಕಾರಿನಲ್ಲಿ ಬಂದಿದ್ದ ನಮ್ಮ ನಾದಿನಿ, ಆಕೆಯ ಗಂಡ. ಕೊನೆಯವರು ಸೋಫಾದ ಮೇಲೆ ಕಣ್ಣು ಮುಚ್ಚಿಕೊಂಡು ಹಾಜರಿದ್ದರು.

ಹೀಗೆ ಶುರುಮಾಡುವುದು ನರ್ಸಿಂಗ್ ಕಾಲದ ಅಭ್ಯಾಸ. ಮೈಸೂರಿನಲ್ಲಿ ನಮಗೆ ಕಲಿಸಿದ ಮೇಟ್ರನ್, ಡ್ಯೂಟಿ ಒಪ್ಪಿಸುವಾಗ ದಿನ, ಹೊತ್ತು, ಯಾರಿದ್ದರು ಎಂಬುದನ್ನು ಹೇಳದೆ ಮುಂದಿನ ಮಾತು ಎತ್ತಿದರೆ ವಾರ್ಡಿನ ಬಾಗಿಲಿಗೇ ವಾಪಸು ಕಳಿಸುತ್ತಿದ್ದರು. ಆಮೇಲೆ ಮಿಷಿಗನ್ನಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದಷ್ಟು ವರ್ಷವೂ ನಾನು ಹಾಗೆಯೇ ಒಪ್ಪಿಸಿದ್ದೇನೆ. ನಿವೃತ್ತಿಯ ನಂತರ ವಾರ್ಡು ಹೋಯಿತು, ಕ್ರಮ ಹೋಗಲಿಲ್ಲ. ಬೆಳಿಗ್ಗೆ ಸ್ನಾನವಾಗದೆ ಕಾಫಿ ಇಲ್ಲ, ಕಾಫಿಯಾಗದೆ ಮಾತಿಲ್ಲ. ಇದರಿಂದ ಕಷ್ಟವಾಗುತ್ತದೆ ಎಂದು ಮನೆಯವರು ಯಾರೂ ನನ್ನೆದುರಿಗೆ ಹೇಳಿದ್ದಿಲ್ಲ.

ಸಭೆ ನಾಲ್ಕಕ್ಕೆ ಎಂದು ಗೊತ್ತಾಗಿತ್ತು. ನಾದಿನಿ ಬಂದಿದ್ದು ಐದಕ್ಕೆ. ಷಿಕಾಗೋ ಕಡೆಯ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ. ತಾನು ಸರಿಯಾಗಿ ನಾಲ್ಕಕ್ಕೇ ಬಂದಿದ್ದೇನೆಂದು ಆಕೆ ಪ್ರತಿಸಲವೂ ಕೈಗಡಿಯಾರ ತೋರಿಸುತ್ತಾಳೆ. ಇಷ್ಟು ವರ್ಷವಾದರೂ ಅದನ್ನು ತಿದ್ದಲು ನನ್ನಿಂದ ಆಗಿಲ್ಲ.

ವಿಷಯ ಇದು. ನವೆಂಬರಿನಲ್ಲಿ ನಾವು ನಾಲ್ವರೂ ಜಪಾನಿಗೆ ಹೊರಟಿದ್ದೆವು. ವಿಮಾನದ ಟಿಕೆಟ್ ಆಗಿತ್ತು, ಟೋಕಿಯೋ ಮತ್ತು ಕ್ಯೋಟೋ ಹೋಟೆಲುಗಳೂ ಆಗಿದ್ದವು. ಬಾಕಿ ಉಳಿದಿದ್ದು ಒಂದು ಶುಕ್ರವಾರ ಮತ್ತು ಶನಿವಾರದ ರಾತ್ರಿ. ಆ ಎರಡು ದಿನದಲ್ಲಿ ಹಿರೋಶಿಮಾ ನಗರ ನೋಡಬೇಕು, ಪಕ್ಕದಲ್ಲೇ ಇರುವ ಮಿಯಾಜಿಮಾ ದ್ವೀಪವನ್ನೂ ನೋಡಬೇಕು. ನಗರದಿಂದ ಲೋಕಲ್ ಟ್ರೈನು ಹಿಡಿದು ಹೋಗಿ, ಅಲ್ಲಿಂದ ಬೋಟು ಹತ್ತಿದರೆ ಹತ್ತು ನಿಮಿಷಕ್ಕೆ ದ್ವೀಪ. ದೇವಸ್ಥಾನದ ಕೆಂಪು ಹೆಬ್ಬಾಗಿಲು ಅಲ್ಲಿ ಸಮುದ್ರದೊಳಗೇ ನಿಂತಿದೆ. ಬೀದಿಯಲ್ಲಿ ಜಿಂಕೆಗಳು ನಮ್ಮೂರ ದನಗಳ ಹಾಗೆ ಓಡಾಡಿಕೊಂಡಿರುತ್ತವಂತೆ. ಹೆಚ್ಚಿನವರು ಬೆಳಿಗ್ಗೆ ಹೋಗಿ ಸಂಜೆ ವಾಪಸಾಗುತ್ತಾರೆ. ನಾವೂ ನಗರದಲ್ಲಿ ಬಿಡಾರ ಮಾಡಿ ಹೋಗಿಬರುವುದೋ, ಅಥವಾ ದ್ವೀಪದಲ್ಲೇ ಒಂದು ರಾತ್ರಿ ಮಲಗುವುದೋ?

ನಮ್ಮ ಯಜಮಾನರಿಗೆ ದ್ವೀಪದಲ್ಲಿ ಒಂದು ರಾತ್ರಿ ಬೇಕಿತ್ತು. ಇಡೀ ಪ್ರವಾಸದಲ್ಲಿ ಇವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಟೋಕಿಯೋ ಎಂದರೆ ಹೂಂ, ಕ್ಯೋಟೋ ಎಂದರೆ ಹೂಂ. ದ್ವೀಪದ ಮಾತು ಬಂದಾಗ ಮಾತ್ರ ಟ್ಯಾಬ್ಲೆಟ್ ತಂದು, ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಗೆ ಒರಗಿಸಿ ನಿಲ್ಲಿಸಿದರು. ಅದರಲ್ಲಿ ನೀರಿನಂಚಿನ ಒಂದು ಹಳೆಯ ವಸತಿಗೃಹದ ಚಿತ್ರವಿತ್ತು. ಆ ಶನಿವಾರಕ್ಕೆ ಎರಡೇ ಕೋಣೆ ಉಳಿದಿವೆ ಎಂದು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. ಎಲೆ ಕೆಂಪಾಗುವ ಕಾಲ, ಇವತ್ತು ಬಿಟ್ಟರೆ ಸಿಗಲಾರದು.

ಇವರ ಈ ಆಸೆಯ ಬೇರು ಜಪಾನಿನಲ್ಲಿಲ್ಲ, ಇದೇ ಮಿಷಿಗನ್ನಿನ ಮ್ಯಾಕಿನಾ ದ್ವೀಪದಲ್ಲಿದೆ. ಅಲ್ಲಿ ಕಾರಿಲ್ಲ, ಕುದುರೆಗಾಡಿ. ಊರಿನಿಂದ ಬಂದ ಅತಿಥಿಗಳನ್ನೆಲ್ಲ ಅಲ್ಲಿಗೆ ಕರೆದೊಯ್ದಿದ್ದೇವೆ. ಆದರೆ ಬಿಡಾರ ಮಾತ್ರ ನೂರು ಮೈಲಿ ದೂರದ ಟ್ರಾವರ್ಸ್ ಸಿಟಿಯಲ್ಲಿ, ಯಾಕೆಂದರೆ ಅಲ್ಲಿ ನಮಗೆ ಬೇಕಾದವರ ಮನೆಯಿದೆ. ಈ ದೇಶದಲ್ಲಿ ನಾವು ಊರು ನೋಡುವ ಕ್ರಮವೇ ಹಾಗೆ. ಯಾವ ಜಾಗ ನೋಡಬೇಕೆಂದು ನಕ್ಷೆ ಹೇಳುತ್ತದೆ, ಎಲ್ಲಿ ಮಲಗಬೇಕೆಂದು ನೆಂಟಸ್ತನ ಹೇಳುತ್ತದೆ. ಸಂಜೆಯಾಗುತ್ತಿದ್ದಂತೆ ಆ ಮನೆಯಾಕೆ ಫೋನ್ ಮಾಡಿ ಅನ್ನಕ್ಕೆ ಇಡಲೇ ಎಂದು ಕೇಳುತ್ತಿದ್ದರು. ನಾವು ಎಲ್ಲರನ್ನೂ ಒಟ್ಟುಮಾಡಿ ಬೋಟಿಗೆ ಓಡುತ್ತಿದ್ದೆವು. ಹಗಲಿಡೀ ಗಿಜಿಗುಟ್ಟಿದ ದ್ವೀಪದಲ್ಲಿ ಅಷ್ಟು ಹೊತ್ತಿಗೆ ಸದ್ದಡಗಿರುತ್ತಿತ್ತು. ಉಳಿದುಕೊಂಡವರು ಹೋಟೆಲಿನ ಜಗಲಿಯಲ್ಲಿ ಕಾಲು ನೀಡಿ ಕೂತು ನಮಗೆ ಕೈಬೀಸುತ್ತಿದ್ದರು. ಬೋಟು ತಿರುಗುವವರೆಗೂ ಇವರು ಆ ಜಗಲಿಯನ್ನೇ ನೋಡುತ್ತಿದ್ದರು. ಮೊಮ್ಮಗಳಿಗೆ ಇವರು ಒಂದು ಸಲ, ಅಜ್ಜ ನೋಡಿದ್ದೆಲ್ಲ ಹಗಲು ಹನ್ನೊಂದು ಗಂಟೆಗೆ, ಬೇರೆಯವರ ಬೆನ್ನ ಹಿಂದಿನಿಂದ ಎಂದು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಇಷ್ಟಾದರೂ ನಾನು ನಗರದ ಪಕ್ಷ. ಪೆಟ್ಟಿಗೆ ಒಂದೇ ಕಡೆ ಬಿಚ್ಚಬೇಕು, ಒಂದೇ ಕಡೆ ಕಟ್ಟಬೇಕು. ದ್ವೀಪದಲ್ಲಿ ಸಂಜೆಯಾದರೆ ಅಂಗಡಿಗಳೆಲ್ಲ ಮುಚ್ಚುತ್ತವೆ. ವಸತಿಗೃಹದವರು ಹಾಕಿದ್ದನ್ನೇ ಉಣ್ಣಬೇಕು, ಅವರ ಅಡಿಗೆಯಲ್ಲಿ ತರಕಾರಿಯನ್ನೂ ಮೀನು ಕುದಿಸಿದ ನೀರಿನಲ್ಲೇ ಬೇಯಿಸುತ್ತಾರೆ. ಸ್ನಾನವೋ, ಎಲ್ಲರಿಗೂ ಸೇರಿ ಒಂದು ಬಿಸಿನೀರಿನ ಕೊಳ. ನನ್ನ ಬೆಳಗಿನ ಸ್ನಾನಕ್ಕೆ ಅದು ತೆರೆದಿರುತ್ತದೋ ಇಲ್ಲವೋ ಯಾರಿಗೆ ಗೊತ್ತು? ಸ್ನಾನವಿಲ್ಲದಿದ್ದರೆ ಕಾಫಿಯಿಲ್ಲ. ಮುಂದೆ ಆಗುವುದನ್ನು ಇವರೇ ಊಹಿಸಿಕೊಳ್ಳಲಿ ಎಂದು ಬಿಟ್ಟೆ.

ನಾದಿನಿ ಇಬ್ಬರ ಮಾತಿಗೂ ಕಾಯಲಿಲ್ಲ. ಆಕೆ ಬರುವಾಗಲೇ ಏರ್ಪಾಡು ಮುಗಿಸಿಕೊಂಡು ಬಂದಿದ್ದಳು. ಅವಳ ಗಂಡನ ಅಣ್ಣನ ಮಗಳು, ಮದುವೆಯಾದ ಮೇಲೆ ಇರುವುದು ಹಿರೋಶಿಮಾದಲ್ಲೇ. ಆ ಹುಡುಗಿಯ ಗಂಡನಿಗೆ ಅಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಎರಡು ರಾತ್ರಿಯೂ ಅವರ ಮನೆಯಲ್ಲೇ ಎಂದು ನಾದಿನಿ ವಾರದ ಹಿಂದೆಯೇ ಹೇಳಿಬಿಟ್ಟಿದ್ದಳು.

“ನಮ್ಮೋರು ಅದೇ ಊರಲ್ಲಿರೋವಾಗ ಹೋಟ್ಲಲ್ಲಿ ಮಲಗಿದ್ವಿ ಅಂದ್ರೆ ನಾನು ಮುಖ ಹೇಗೆ ತೋರಿಸ್ಲಿ ಅತ್ತಿಗೆ?”

“ನಿನ್ನ ಮುಖಾನ ಯಾರೂ ನೋಡಲ್ಲ ಬಿಡು,” ಎಂದರು ಇವರು. “ನವೆಂಬರಲ್ಲಿ ಎಲ್ಲಾರೂ ಎಲೆ ನೋಡ್ತಿರ್ತಾರೆ.”

“ನೀನು ಸುಮ್ನಿರಣ್ಣ. ನೀರಲ್ಲಿರೋ ಬಾಗಿಲು ಹಗಲು ನೋಡಿದ್ರೂ ಅದೇ, ರಾತ್ರಿ ನೋಡಿದ್ರೂ ಅದೇ.”

ಇವರು ಟ್ಯಾಬ್ಲೆಟ್ಟಿನ ಬೆಳಕು ಆರದಂತೆ ಆಗಾಗ ಬೆರಳಿನಿಂದ ಮುಟ್ಟುತ್ತಿದ್ದರು, ಅಷ್ಟೆ. ಎರಡು ಓಟಿಗೆ ಒಂದು ಓಟು. ನಾನು ಗೆದ್ದ ಪಕ್ಷದಲ್ಲಿದ್ದೆ, ಆದರೂ ಆ ಬೆರಳನ್ನು ನೋಡಿದಾಗ ಗೆದ್ದ ಹಾಗೆ ಅನ್ನಿಸಲಿಲ್ಲ.

ಆಗ ಸೋಫಾದಿಂದ ಮಾತು ಬಂತು. ಕಣ್ಣು ಮುಚ್ಚಿಯೇ ಇತ್ತು.

“ಅವಳ ಮನೇಲಿ ಒಂದೇ ಬಾತ್‌ರೂಮು.”

ನಾನು ಕನ್ನಡಕ ತೆಗೆದೆ. ಆರು ಜನ, ಒಂದು ಬಾತ್‌ರೂಮು. ಎರಡು ರಾತ್ರಿಯೆಂದರೆ ಎರಡು ಬೆಳಗು. ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಎಂದು ನಾದಿನಿ ಗಂಡನನ್ನು ಕೇಳಿದಳು. ತನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದು ಅವರು ಮಗ್ಗುಲು ಬದಲಿಸಿದರು.

ರೋಗಿಯನ್ನು ನೋಡದೆ ಚೀಟಿ ಬರೆಯಬಾರದು. ಮನೆಯನ್ನೇ ನೋಡಿಬಿಡೋಣ, ಮಾತು ನಾನೊಬ್ಬಳೇ ಆಡುತ್ತೇನೆ ಎಂದು ಷರತ್ತು ಹಾಕಿದೆ. ಚಪಾತಿ, ಬದನೆಕಾಯಿ ಪಲ್ಯದ ಊಟ ಬೇಗ ಮುಗಿಸಿ ಏಳಕ್ಕೆ ವಿಡಿಯೋ ಕರೆ ಮಾಡಿದೆವು. ಅಲ್ಲಿ ಭಾನುವಾರ ಬೆಳಿಗ್ಗೆ ಎಂಟು. ಹುಡುಗಿ ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಸ್ನಾನ ಮುಗಿಸಿ ಕಾಫಿಗೆ ಕೂತಿದ್ದಾಳೆ ಎಂದು ತಿಳಿದು ನನಗೆ ಮೊದಲ ನೋಟದಲ್ಲೇ ಹಿಡಿಸಿದಳು.

ನಾವು ಬರುವುದು ಖಂಡಿತ ತಾನೇ ಎಂದು ಅವಳೇ ಮೊದಲು ಕೇಳಿದಳು. ಎಲ್ಲ ಸಿದ್ಧ ಮಾಡಿಕೊಳ್ಳುತ್ತಿದ್ದೇವೆ, ನೋಡಿ ಎಂದು ಫೋನನ್ನು ತಿರುಗಿಸಿದಳು. ಮುಂದಿನ ಕೋಣೆಯಲ್ಲಿ ನಾಲ್ಕು ಹಾಸಿಗೆ ಹಾಸಿತ್ತು, ಗೋಡೆಯಿಂದ ಗೋಡೆಗೆ. ನವೆಂಬರಿನ ನೆಂಟರಿಗೆ ಆಗಸ್ಟಿನಲ್ಲೇ ತಾಲೀಮು. ಊಟದ ಮೇಜು ಬಾಲ್ಕನಿಯಲ್ಲಿ ನಿಂತಿತ್ತು. ಅವಳ ಗಂಡ ನಮಗೆ ನಮಸ್ಕಾರ ಮಾಡಿದ, ಕಾಲಿಡಲು ಬೇರೆ ನೆಲ ಉಳಿಯದೆ ನಡು ಹಾಸಿಗೆಯ ಮೇಲೆ ನಿಂತೇ ಮಾಡಿದ. ಬಾತ್‌ರೂಮಿನ ಬಾಗಿಲು ಹಾಸಿಗೆಗೆ ತಾಗಿ ಅರ್ಧಕ್ಕೆ ನಿಲ್ಲುತ್ತಿತ್ತು.

“ಒಬ್ಬೊಬ್ರೇ ಓರೆಯಾಗಿ ಹೋಗ್ಬೋದು ಆಂಟಿ,” ಎಂದಳು ಹುಡುಗಿ. “ನಾವು ಟ್ರೈ ಮಾಡಿದೀವಿ.”

ನಾದಿನಿ ನನ್ನ ಪಕ್ಕದಿಂದ, ಎಷ್ಟು ಅಚ್ಚುಕಟ್ಟಾಗಿದೆ ಎಂದಳು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಈ ಹುಡುಗಿಯ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಅಡಿಗೆಮನೆಯ ಗೋಡೆಯಲ್ಲಿರುವ ಹಳೆಯ ಫೋಟೋದಲ್ಲಿ, ಮ್ಯಾಕಿನಾ ಬೋಟಿನ ಮುಂದೆ ಅತಿಥಿಗಳನ್ನು ಸಾಲಾಗಿ ನಿಲ್ಲಿಸಿಕೊಂಡಿರುವ ನನ್ನದೇ ಮುಖ. ಕೇಳಬೇಕಾದ ಪ್ರಶ್ನೆ ಆಗ ಹೊಳೆಯಿತು.

“ನೀವಿಬ್ರೂ ಆ ದ್ವೀಪದಲ್ಲಿ ಯಾವತ್ತಾದ್ರೂ ರಾತ್ರಿ ಉಳಿದಿದೀರಾ?”

ಹುಡುಗಿ ಗಂಡನ ಕಡೆ ನೋಡಿದಳು. “ಇಲ್ಲ ಆಂಟಿ. ಬಂದೋರನ್ನೆಲ್ಲ ಕರ್ಕೊಂಡು ಹೋಗ್ತಾನೇ ಇರ್ತೀವಿ. ಸಂಜೆ ಆಗ್ತಿದ್ದ ಹಾಗೆ ವಾಪಸ್. ಮನೇಗೆ ಬಂದು ಅಡಿಗೆ ಆಗ್ಬೇಕಲ್ಲ.”

ನಮ್ಮ ಯಜಮಾನರು ಷರತ್ತು ಮರೆತು ಪರದೆಯ ಹತ್ತಿರ ಮುಖ ತಂದರು. “ಬೋಟಲ್ಲಿ ಕೂತು ಹಿಂದಕ್ಕೆ ತಿರುಗಿ ನೋಡ್ತೀಯೇನಮ್ಮ?”

“ನಾನಲ್ಲ ಅಂಕಲ್, ಇವ್ರು. ದಡ ಬರೋ ತನಕ ನೋಡ್ತಾರೆ.”

ಹಾಸಿಗೆಯ ಮೇಲೆ ನಿಂತಿದ್ದ ಹುಡುಗ ನಾಚಿ ದಿಂಬು ಸರಿಮಾಡತೊಡಗಿದ.

ನನಗೆ ಇನ್ನು ಯೋಚಿಸುವುದೇನೂ ಇರಲಿಲ್ಲ. ವಾರ್ಡಿನಲ್ಲಿ ಹೇಳುವ ಹಾಗೆ ಹೇಳಿದೆ. ಶುಕ್ರವಾರ ರಾತ್ರಿ ನಿಮ್ಮ ಮನೆಯಲ್ಲಿ, ನಿನ್ನ ಕೈಯಡಿಗೆ. ಶನಿವಾರ ಬೆಳಿಗ್ಗೆ ಪೆಟ್ಟಿಗೆಗಳನ್ನೆಲ್ಲ ಅಲ್ಲೇ ಬಿಟ್ಟು, ಒಂದೊಂದು ಕೈಚೀಲ ಹಿಡಿದು ದ್ವೀಪಕ್ಕೆ. ನೀವಿಬ್ಬರೂ ನಮ್ಮ ಜೊತೆ. ಆ ರಾತ್ರಿ ಯಾರೂ ಅಡಿಗೆ ಮಾಡುವುದಿಲ್ಲ.

ಅವಳ ಮುಖ ಅರಳಿತು, ಮರುಕ್ಷಣ ಅಳುಕಿತು. “ಚಿಕ್ಕಮ್ಮ ಬೇಜಾರು ಮಾಡ್ಕೊಳಲ್ವಾ ಆಂಟಿ?”

ಎಲ್ಲರೂ ನಾದಿನಿಯ ಕಡೆ ತಿರುಗಿದೆವು. ಸೋಫಾದಲ್ಲಿ ಕಣ್ಣುಗಳೂ ತೆರೆದವು. ಆಕೆ ಸೆರಗು ಸರಿಮಾಡಿಕೊಂಡು ಒಂದೇ ಮಾತು ಕೇಳಿದಳು.

“ಪೆಟ್ಟಿಗೆ ಇವರ ಮನೇಲೇ ಇರತ್ತೆ ತಾನೆ?”

“ಎರಡು ರಾತ್ರೀನೂ ಇರತ್ತೆ,” ಎಂದೆ.

“ಮತ್ತೆ? ಇವರ ಮನೇಲೇ ಇಳ್ಕೊಂಡ ಹಾಗಾಯ್ತಲ್ಲ. ಕೇಳಿದೋರಿಗೆ ಹಾಗೇ ಹೇಳ್ತೀನಿ.”

ಉಳಿದದ್ದು ಊಟ ಮತ್ತು ಸ್ನಾನ. ಹುಡುಗಿ ಗಂಡನ ಫೋನಿನಿಂದ ಆಗಲೇ ವಸತಿಗೃಹಕ್ಕೆ ಕರೆ ಮಾಡಿದಳು. ಕಾಣದ ಮನುಷ್ಯನಿಗೆ ಫೋನಿನಲ್ಲೇ ಬಾಗಿ ಬಾಗಿ ಮಾತಾಡುವುದನ್ನು ನಾವು ಇಲ್ಲಿಂದ ನೋಡಿದೆವು. ಮಧ್ಯೆ ಮಧ್ಯೆ ನಮಗೆ ಕನ್ನಡದಲ್ಲಿ ವರದಿ ಬಂತು. ಮುಂಚೆಯೇ ತಿಳಿಸಿದರೆ ಮೀನಿನ ನೀರು ಮುಟ್ಟಿಸದೆ ಮಾಡಿಕೊಡುತ್ತಾರೆ: ಅನ್ನ, ತೋಫು, ತರಕಾರಿಯ ಬೋಂಡ, ಉಪ್ಪಿನಕಾಯಿ. ಊಟ ಸರಿಯಾಗಿ ಆರಕ್ಕೆ, ತಡವಾಗಿ ಬಂದವರಿಗೆ ಇಲ್ಲ. ಚಪ್ಪಲಿ ಬಾಗಿಲಲ್ಲಿ, ಒಳಗಿನ ಚಪ್ಪಲಿ ಬೇರೆ, ಶೌಚಾಲಯದ್ದು ಇನ್ನೂ ಬೇರೆ. ಕೊಳಕ್ಕೆ ಇಳಿಯುವ ಮೊದಲು ಮಣೆಯ ಮೇಲೆ ಕೂತು, ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡಿರಬೇಕು. ಬೆಳಗಿನ ಸ್ನಾನ ಆರಕ್ಕೆ ತೆರೆಯುತ್ತದೆ. ತಿಂಡಿ, ಕಾಫಿ ಅದಾದ ಮೇಲೆ.

ಒಂದೊಂದು ನಿಯಮ ಬಂದ ಹಾಗೆಲ್ಲ ನನ್ನ ಬೆನ್ನು ನೆಟ್ಟಗಾಯಿತು. ಆರಕ್ಕೆ ಎಂದರೆ ಆರಕ್ಕೆ! ಷಿಕಾಗೋ ಗಡಿಯಾರಕ್ಕೆ ಅಲ್ಲಿ ಊಟ ಸಿಗುವುದಿಲ್ಲ. ಇಂಥ ಜಾಗ ಈ ಭೂಮಿಯ ಮೇಲೆ ಇನ್ನೂ ಇದೆಯೆಂದು ಮೊದಲೇ ಯಾರಾದರೂ ಹೇಳಿದ್ದರೆ ನಾನು ಸಭೆಯನ್ನೇ ಕರೆಯುತ್ತಿರಲಿಲ್ಲ.

“ಇದು ನಿನ್ನ ನರ್ಸಿಂಗ್ ಹಾಸ್ಟೆಲ್ಲೇ ಕಣೇ,” ಎಂದರು ಇವರು ಮೆಲ್ಲಗೆ.

ನಾದಿನಿಗೆ ಒಂದು ಅನುಮಾನ ಉಳಿದಿತ್ತು. ಆ ಸ್ನಾನ ಎಲ್ಲರ ಎದುರಿಗೋ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಎಂದೆ. ಅದಲ್ಲ, ಬಟ್ಟೆ? ಬಟ್ಟೆ ಇಲ್ಲ ಎಂದೆ. ನಾನು ಕೆಲಸ ಮಾಡಿದಷ್ಟೂ ವರ್ಷ ಯಾರ ಮೈಯಲ್ಲೂ ಹೊಸದೇನೂ ಕಂಡಿಲ್ಲ ಎಂದು ಧೈರ್ಯ ಹೇಳಿದೆ. ಆಕೆಗೆ ಅದರಿಂದ ಧೈರ್ಯ ಬಂದಂತೆ ಕಾಣಲಿಲ್ಲ.

ಉಳಿದಿದ್ದು ಎರಡೇ ಕೋಣೆ. ನಾವು ಆರು ಜನ. ಆದರೆ ಅಲ್ಲಿ ಮಂಚವಿಲ್ಲ, ನೆಲದ ಮೇಲೆ ಹಾಸಿಗೆ, ಒಂದು ಕೋಣೆಗೆ ಮೂವರು ಧಾರಾಳ. ಮದುವೆ ಛತ್ರದಲ್ಲಿ ಮಾಡುವ ಹಾಗೆ ಹೆಂಗಸರಿಗೊಂದು, ಗಂಡಸರಿಗೊಂದು ಎಂದು ನಾನು ಹಂಚಿದೆ. ನಾದಿನಿ ತಕ್ಷಣ ಒಪ್ಪಿದಳು. ಗಂಡನ ಗೊರಕೆಯಿಂದ ಅವಳಿಗೆ ಒಂದು ರಾತ್ರಿ ರಜೆ. ಆ ಗೊರಕೆ ಇನ್ನು ಯಾರ ಪಾಲು ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ದ್ವೀಪದ ಸದ್ದಿಲ್ಲದ ರಾತ್ರಿಯನ್ನು ಬಯಸಿದವರ ಪಾಲು.

“ಪರವಾಗಿಲ್ಲ,” ಎಂದರು ಇವರು. “ನಾನೂ ಆ ಹುಡುಗಾನೂ ಹೊರಗಡೆ ಕೂತಿರ್ತೀವಿ.”

ಬೆರಳಿಗೆ ಅಂಟಿದ್ದ ಉಪ್ಪಿನಕಾಯಿ ರಸವನ್ನು ಟಿಶ್ಯೂನಿಂದ ಒರೆಸಿಕೊಂಡು, ಎರಡೂ ಕೋಣೆಗಳನ್ನು ಇವರೇ ಬುಕ್ ಮಾಡಿದರು. ಕೆಂಪಕ್ಷರ ಹೋಗಿ ಹಸಿರಕ್ಷರ ಬಂತು. ಹಿರೋಶಿಮಾದಲ್ಲಿ ಹುಡುಗಿ ಗಂಡನಿಗೆ, ಇನ್ನು ಮೇಜು ಒಳಗೆ ತನ್ನಿ ಎಂದು ಹೇಳುತ್ತಿದ್ದ ಹಾಗೆಯೇ ಕರೆ ಮುಗಿಯಿತು.

ನಾದಿನಿ ಮತ್ತು ಆಕೆಯ ಗಂಡನಿಗೆ ಮೇಲಿನ ಕೋಣೆಯಲ್ಲಿ ಹೊದಿಕೆ ಇಟ್ಟು ಕೆಳಗೆ ಬಂದೆ. ಇವರು ಇನ್ನೂ ಟ್ಯಾಬ್ಲೆಟ್ ಹಿಡಿದು ಕೂತಿದ್ದರು. ಆ ಶನಿವಾರ ರಾತ್ರಿ ಕೆಂಪು ಬಾಗಿಲಿನ ಸುತ್ತ ಸಮುದ್ರದ ನೀರು ಏರುವುದು ಎಷ್ಟು ಹೊತ್ತಿಗೆ ಎಂದು ಹುಡುಕುತ್ತಿದ್ದರು. ಊಟದ ನಂತರ ಎಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ನೀನು ಮಲಗಿರುತ್ತೀಯಲ್ಲ ಎಂದರು. ಒಂದು ದಿನ ತಡವಾಗಿ ಮಲಗಿದರೆ ಮೇಟ್ರನ್ ಏನೂ ಬಂದು ಕೇಳುವುದಿಲ್ಲ, ನನಗೂ ಜಗಲಿಯಲ್ಲಿ ಜಾಗ ಇಟ್ಟಿರಿ ಎಂದೆ.

ಆಮೇಲೆ ಉಗುರು ಬೆಚ್ಚಗಾಗಿದ್ದ ಹಾಲಿಗೆ ಹೆಪ್ಪು ಹಾಕಿ, ತಟ್ಟೆ ಮುಚ್ಚಿ, ಅಡಿಗೆಮನೆಯ ದೀಪ ಆರಿಸಿದೆ.