ಬಾಗಿಲು ತೆರೆಯುವ ಮುನ್ನ ಒಂದು ಪ್ರಶ್ನೆ

ಬೆಳಗಿನ ಹೊತ್ತು ಆಸ್ಪತ್ರೆಯ ಹಿಂಬದಿಯ ಲಿಫ್ಟು ಇನ್ನೂ ಆಕಳಿಸುತ್ತಿರುತ್ತದೆ. ಬಾಗಿಲು ಅರ್ಧ ತೆರೆದು, ಏನೋ ಮರೆತವರ ಹಾಗೆ ನಿಂತು, ಆಮೇಲೆ ಪೂರ್ತಿ ತೆರೆದುಕೊಳ್ಳುತ್ತದೆ. ಒಳಗೆ ಬೂದು ಸ್ವೆಟರಿನ ಹೆಂಗಸೊಬ್ಬರು ಉಕ್ಕಿನ ಗೋಡೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಗೋಡೆಯಾದ ಮೇಲೆ ಗುಂಡಿಗಳು, ಗುಂಡಿಗಳಾದ ಮೇಲೆ ಮೂಲೆಯ ಸ್ಟೂಲು. ಸ್ಟೂಲನ್ನು ಬೋಲ್ಟು ಹಾಕಿ ನೆಲಕ್ಕೆ ಬಿಗಿದಿದ್ದಾರೆ. "ಯಾರಾದ್ರೂ ಕದ್ಕೊಂಡು ಹೋಗ್ತಾರೆ ಅಂತಲ್ಲ, ನಾನೇ ಎದ್ದು ಹೋಗ್ತೀನಿ ಅಂತ ಇವರಿಗೆ ಭಯ" ಎನ್ನುತ್ತಾರೆ. ಆಸ್ಪತ್ರೆಯವರೆಲ್ಲ ಅವರನ್ನು ಲಿಫ್ಟಕ್ಕ ಎಂದೇ ಕರೆಯುವುದು.

ಇದು ಟ್ರಾಲಿಯ ಲಿಫ್ಟು. ಮೂರನೇ ಮಹಡಿಯ ವಾರ್ಡಿನಿಂದ ರೋಗಿಗಳನ್ನು ಆರನೇ ಮಹಡಿಯ ಆಪರೇಷನ್ ಥಿಯೇಟರಿಗೆ ಒಯ್ಯುವುದು ಇದರ ಮುಖ್ಯ ಕೆಲಸ. ಮಹಡಿಗಳ ಹೆಸರು ಹೇಳುತ್ತಿದ್ದ ರೆಕಾರ್ಡು ದನಿ ಕೆಟ್ಟು ಎಷ್ಟೋ ಕಾಲವಾಗಿದೆ. ಈಗ ಅದನ್ನೂ ಲಿಫ್ಟಕ್ಕನೇ ಹೇಳುತ್ತಾರೆ. ಬಾಗಿಲ ಪಕ್ಕದಲ್ಲೊಂದು ಬೋರ್ಡು ಇದೆ: ಸಂಬಂಧಿಕರಿಗೆ ಪ್ರವೇಶವಿಲ್ಲ.

ದಿನದ ಮೊದಲ ಟ್ರಾಲಿಯಲ್ಲಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದ ಯುವಕ ಮಲಗಿದ್ದಾನೆ. ವಯಸ್ಸು ಮೂವತ್ತು ದಾಟಿದೆ. ಹೃದಯದ ತೊಂದರೆ ಹುಟ್ಟಿನಿಂದಲೇ ಬಂದದ್ದು. ಐದನೇ ವಯಸ್ಸಿನಲ್ಲಿ ಒಂದು ಆಪರೇಷನ್ ಆಗಿದೆ, ಈಗ ಕವಾಟ ಬದಲಿಸಲು ಇನ್ನೊಂದು. ಟ್ರಾಲಿ ತಳ್ಳುವ ಅಣ್ಣ ಅವನನ್ನು ಒಳಗೆ ತರುತ್ತಾನೆ, ತಾಯಿ ಬೋರ್ಡಿನ ಹತ್ತಿರ ನಿಲ್ಲುತ್ತಾರೆ. ಲಿಫ್ಟು ಏರುತ್ತದೆ. "ಆರನೇ ಮಹಡಿ" ಎನ್ನುತ್ತಾರೆ ಲಿಫ್ಟಕ್ಕ. ಆದರೆ ಬಾಗಿಲು ತೆರೆಯುವುದಿಲ್ಲ. ಗುಂಡಿಗಳ ಕೆಳಗೆ ಬಾಗಿಲನ್ನು ತಡೆದಿಡುವ ಒಂದು ಕೀಲಿಯಿದೆ, ಅವರ ಬೆರಳು ಅದರ ಮೇಲಿದೆ. ಟ್ರಾಲಿಯಣ್ಣ ಹೇಳಿಸಿಕೊಳ್ಳದೆಯೇ ಗೋಡೆ ಕಡೆ ತಿರುಗಿ ಸಣ್ಣಗೆ ಶಿಳ್ಳೆ ಹೊಡೆಯತೊಡಗುತ್ತಾನೆ.

"ಕೆಳಗೆ ಹೇಳದೇ ಬಂದಿದ್ದು ಏನಾದ್ರೂ ಇದ್ಯಾಪ್ಪ?" ಲಿಫ್ಟಕ್ಕ ಕೇಳುತ್ತಾರೆ.

"ಏನಿಲ್ಲ" ಎನ್ನುತ್ತಾನೆ ಆತ, ದೀಪ ನೋಡುತ್ತ. ಲಿಫ್ಟಿನ ತುಂಬ ಪೆಪ್ಪರ್‌ಮಿಂಟಿನ ವಾಸನೆ. ಅದರ ಹಿಂದೆ, ಹಸಿ ಹುಲ್ಲು ಸುಟ್ಟಂಥ ಇನ್ನೊಂದು.

ಬಾಗಿಲು ಇನ್ನೂ ಮುಚ್ಚಿಯೇ ಇದೆ. ಅಷ್ಟರಲ್ಲಿ ಈ ಪ್ರಶ್ನೆ ಎಲ್ಲಿಂದ ಬಂತು ಎನ್ನುವುದನ್ನು ಹೇಳಿಬಿಡಬೇಕು, ಏಕೆಂದರೆ ಅದು ಲಿಫ್ಟಕ್ಕನ ಕೆಲಸದ ಭಾಗವಲ್ಲ. ಯಾರೂ ಹೇಳಿಕೊಟ್ಟದ್ದೂ ಅಲ್ಲ.

ಲಿಫ್ಟಕ್ಕನ ಎದೆಯ ಮೇಲೂ ಆ ಯುವಕನಿಗಿರುವಂಥದೇ ಆಪರೇಷನ್ನಿನ ಉದ್ದನೆಯ ಗೆರೆಯಿದೆ. ಹುಟ್ಟಿದಾಗ ತುಟಿ, ಉಗುರು ನೀಲಿ. ಶಾಲೆಗೆ ಸೇರುವ ಮೊದಲೇ ಇದೇ ಆಸ್ಪತ್ರೆಯಲ್ಲಿ ಎದೆ ತೆರೆದು ಸರಿಮಾಡಿದರು. "ಎದೆ ಸೀಳಿದ್ರೆ ನಾಲ್ಕಕ್ಷರ ಸಿಗಲ್ಲ ಅಂತ ಮೇಷ್ಟ್ರು ಬೈತಿದ್ರು. ಸೀಳಿ ನೋಡಿದ ಡಾಕ್ಟ್ರನ್ನೇ ಕೇಳಿ ಸಾರ್ ಅಂತಿದ್ದೆ" ಎಂದು ನಗುತ್ತಾರೆ. ಆಮೇಲಿನ ಬಾಲ್ಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. "ಓಡಬೇಡ, ಹತ್ತಬೇಡ, ನೆನೀಬೇಡ. ಆಮೇಲೆ ಮದುವೆ ಬೇಡ, ಮಗು ಬೇಡ. ಮನೇಲಿ ನನ್ನ ಹೆಸರೇ 'ಬೇಡ' ಅಂತ ಆಗೋಗಿತ್ತು. ಸಿಗರೇಟು ಮಾತ್ರ ಯಾರೂ ಬೇಡ ಅನ್ಲಿಲ್ಲ. ಹುಡುಗಿ ಸೇದ್ತಾಳೆ ಅಂತ ಯಾರಿಗೂ ಹೊಳೆದೇ ಇರ್ಲಿಲ್ಲ."

ಹತ್ತೊಂಬತ್ತಕ್ಕೆ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಧ್ಯಾಹ್ನದ ಬಿಡುವಿನಲ್ಲಿ ಗಂಡಸರು ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು, ಹೆಂಗಸರಲ್ಲಿ ಕೆಲವರು ಹಿಂದಿನ ಮೆಟ್ಟಿಲ ಮೇಲೆ ಕೂತು ಒಂದೇ ಸಿಗರೇಟನ್ನು ಸುತ್ತು ಹಾಕಿಸುತ್ತಿದ್ದರು. "ಓಡದೇ, ದಮ್ಮು ಕಟ್ಟದೇ, ಕೂತಲ್ಲೇ ಎಲ್ಲರ ಜೊತೆ ಸೇರ್ಕೊಳ್ಳೋಕೆ ನನಗೆ ಸಿಕ್ಕಿದ ಮೊದಲನೇ ಆಟ ಅದು" ಎನ್ನುತ್ತಾರೆ. ಕೆಲವು ವರ್ಷಗಳ ಮೇಲೆ ದೊಡ್ಡಮ್ಮನ ಮಗನೊಬ್ಬ ಗಾಂಜಾ ತಂದ. "ಇದು ತಂಬಾಕಲ್ಲ, ಗಿಡ. ಗಿಡದಿಂದ ಏನಾಗುತ್ತೆ ಅಂದ. ಆಸ್ಪತ್ರೇಲೂ ಸಿಗರೇಟು ಸೇದ್ಬೇಡಿ ಅಂತಷ್ಟೇ ಬೋರ್ಡು ಹಾಕಿದ್ರು, ಗಿಡದ ಬೋರ್ಡು ಎಲ್ಲೂ ಇರ್ಲಿಲ್ಲ. ಅದೂ ಸರಿ ಅನ್ನಿಸ್ತು."

ಉಸಿರು ಕಡಿಮೆಯಾಗುತ್ತಿದೆ ಅಂತ ಗೊತ್ತಾಗಲಿಲ್ಲವೇ? ಬರೆದುಕೊಳ್ಳುತ್ತ ಕೇಳಿದ ಈ ಪ್ರಶ್ನೆಗೆ ಅವರು ಪ್ರಶ್ನೆಯಿಂದಲೇ ಉತ್ತರಿಸುತ್ತಾರೆ. "ನಮಗೆ ಉಸಿರು ಮೊದ್ಲಿಂದ್ಲೂ ಕಮ್ಮಿನೇ. ಹುಟ್ಟಿನಿಂದ ಇಲ್ಲದ್ದೆಷ್ಟು, ಹೊಗೆ ತಿಂದಿದ್ದೆಷ್ಟು, ಹೆಂಗೆ ಗೊತ್ತಾಗ್ಬೇಕು? ಜೇಬು ಮೊದಲೇ ತೂತಾಗಿದ್ರೆ ಕಳ್ಳ ಬಂದಿದ್ದು ತಿಳಿಯುತ್ತಾ?"

ಗೊತ್ತಾದದ್ದು ಬಸ್ಸಿನಲ್ಲಿ. ನಿಂತಿದ್ದ ಹಾಗೆಯೇ ಎದೆಯೊಳಗೆ ಹಕ್ಕಿ ಹೊಕ್ಕು ರೆಕ್ಕೆ ಬಡಿದ ಹಾಗಾಯಿತು, ಕಣ್ಣು ಬಿಟ್ಟಾಗ ಇದೇ ಆಸ್ಪತ್ರೆ. ಬಡಿತ ದಿಕ್ಕು ತಪ್ಪಿದೆ ಎಂದು ವೈದ್ಯರು ಹೇಳಿದರು. ಬೀಡಿ, ಸಿಗರೇಟು, ಬೇರೆ ಏನಾದರೂ ಉಂಟೇ ಎಂದು ಕೇಳಿದರು. ಉತ್ತರ ಕೊಟ್ಟದ್ದು ಅಮ್ಮ. "'ನಮ್ಮ ಹುಡುಗಿನಾ? ಛೇ, ಏನ್ ಡಾಕ್ಟ್ರೇ ನೀವು!' ಅಂದ್ಲು. ಹುಡುಗಿಗೆ ಆಗ ಇಪ್ಪತ್ತೊಂಬತ್ತು ವರ್ಷ. ನಾನೂ ಹೌದು ಅಂತ ತಲೆ ಆಡಿಸ್ದೆ. ಅಮ್ಮನ ಎದುರಿಗೆ ನಾನು ಯಾವತ್ತೂ ಒಳ್ಳೇ ಪೇಷಂಟು." ಹಾಗೆ ತಲೆಯಾಡಿಸಿದ್ದಕ್ಕೆ ಅವರು ಇನ್ನೂ ಎರಡು ಸಲ ಆಸ್ಪತ್ರೆ ಸೇರಬೇಕಾಯಿತು. ಬಿಟ್ಟದ್ದು ಹೇಗೆ? "ಒಂದೇ ಸಲಕ್ಕೆ ಬಿಟ್ಟೆ ಅಂತ ಬರೀಬೇಡಿ, ಓದ್ದೋರು ನಂಬ್ಕೊಂಡುಬಿಡ್ತಾರೆ. ಬಿಟ್ಟೆ, ಹಿಡಿದೆ, ಬಿಟ್ಟೂ ಬಿಟ್ಟೂ ಬಿಟ್ಟೆ."

ಕಾರ್ಖಾನೆಯ ಕಾಗದದ ಧೂಳು ಆಗದು ಎಂದಾಗ ಕೂತು ಮಾಡುವ ಕೆಲಸವೆಂದು ಈ ಲಿಫ್ಟು ಸಿಕ್ಕಿತು. ಇಲ್ಲಿಗೆ ಬಂದ ಮೇಲೆ ಅವರಿಗೆ ಒಂದು ವಿಷಯ ಕಂಡಿತು. ಮೂರನೇ ಮಹಡಿಯಲ್ಲಿ ಹುಟ್ಟು ಹೃದ್ರೋಗದವರ ವಾರ್ಡು ಮಕ್ಕಳ ವಾರ್ಡಿಗೆ ಅಂಟಿಕೊಂಡಿದೆ. ಗೋಡೆಯ ಮೇಲೆ ಜಿರಾಫೆಗಳು, ಜಿರಾಫೆಗಳ ಕೆಳಗೆ ಮೀಸೆ ಬಂದ ಗಂಡಸರು, ಕೂದಲು ನೆರೆಯತೊಡಗಿದ ಹೆಂಗಸರು. ಅವರ ಪಕ್ಕದಲ್ಲಿ ಅದೇ ಹಳೆಯ ಅಮ್ಮಂದಿರು. ಎಷ್ಟನೇ ವಯಸ್ಸಿನಲ್ಲಿ ನಡೆದ, ಯಾವ ಮಾತ್ರೆ ಒಗ್ಗಲಿಲ್ಲ, ಎಲ್ಲವೂ ಅಮ್ಮನಿಗೆ ಬಾಯಿಪಾಠ. ಡಾಕ್ಟರು ಮಗನನ್ನು ಕೇಳಿದರೂ ಅಮ್ಮನೇ ಹೇಳುತ್ತಾಳೆ. ಸಿಗರೇಟಿನ ಪ್ರಶ್ನೆಗೂ ಅವಳದೇ ಉತ್ತರ. "ಆ ಅಮ್ಮ ಬರದೇ ಇರೋ ಜಾಗ ಇಡೀ ಆಸ್ಪತ್ರೇಲಿ ಒಂದೇ. ಈ ಡಬ್ಬ" ಎನ್ನುತ್ತಾರೆ ಲಿಫ್ಟಕ್ಕ. ಆವತ್ತಿನಿಂದ ಪ್ರಶ್ನೆ ಶುರುವಾಯಿತು.

ಬಹಳ ಮಂದಿ ಏನಿಲ್ಲ ಎನ್ನುತ್ತಾರೆ. ಒಬ್ಬ ಹಿಂದಿನ ಹಲ್ಲು ಅಲ್ಲಾಡುತ್ತಿದೆ ಎಂದ. ಒಬ್ಬಾಕೆ ಬೆಳಗ್ಗೆ ಕದ್ದು ಎರಡು ಬಿಸ್ಕತ್ತು ತಿಂದೆ ಎಂದು ಅತ್ತಳು. ಮುದುಕನೊಬ್ಬ, ತಾನು ಹೆಂಡತಿಯ ಅಡುಗೆಯನ್ನು ನಲವತ್ತು ವರ್ಷ ಸುಮ್ಮನೆ ಹೊಗಳಿದೆ ಎಂದು ಒಪ್ಪಿಕೊಂಡ. ಟ್ರಾಲಿಯಣ್ಣ ಗೋಡೆ ಕಡೆ ತಿರುಗಿದ್ದವನು, "ಅದನ್ನ ಡಾಕ್ಟ್ರಿಗೆ ಹೇಳ್ಬೇಡಿ, ವಾಸಿ ಮಾಡಕ್ಕಾಗಲ್ಲ" ಅಂದನಂತೆ. ಉಳಿದವರದು ಹೊಗೆ. ಲಿಫ್ಟಕ್ಕ ಸಣ್ಣಗೆ ಮೂಗೆಳೆದರೆ ಸಾಕು, ಕುಂಬಳಕಾಯಿ ಕಳ್ಳರು ತಾವೇ ಹೆಗಲು ಮುಟ್ಟಿಕೊಳ್ಳುತ್ತಾರೆ, ಅಂಗಿಯ ತೋಳು ಮೂಸಿಕೊಳ್ಳುತ್ತಾರೆ. ಮೇಲ್ವಿಚಾರಕಿ ಒಮ್ಮೆ ಕರೆದು, "ಲಿಫ್ಟಿನೋಳು ಲಿಫ್ಟು ನಡೆಸು" ಎಂದು ಗದರಿದ್ದೂ ಆಯಿತು. "ನಡೆಸ್ತಾನೇ ಇದ್ದೀನಲ್ಲಮ್ಮ, ಸ್ವಲ್ಪ ನಿಧಾನ, ಅಷ್ಟೇ" ಎಂದರಂತೆ ಇವರು.

ಈಗ ಬಾಗಿಲಿನ ಹಿಂದೆ ಕನ್ನಡಕದಂಗಡಿಯ ಯುವಕ ಮಲಗಿದ್ದಾನೆ.

"ಪೆಪ್ಪರ್‌ಮಿಂಟು ಚೆನ್ನಾಗಿದೆ" ಎನ್ನುತ್ತಾರೆ ಲಿಫ್ಟಕ್ಕ. "ನಾನೂ ಅದನ್ನೇ ತಿಂತಿದ್ದೆ."

ಆತ ಅವರನ್ನು ನೋಡುತ್ತಾನೆ. ಸ್ವೆಟರಿನ ಕೊರಳಿನಲ್ಲಿ ಇಣುಕುವ ಗೆರೆಯನ್ನೂ ನೋಡುತ್ತಾನೆ. "ಹೇಳಿದ್ರೆ ಆಪರೇಷನ್ ಮುಂದಕ್ಕೆ ಹಾಕ್ತಾರೆ" ಎನ್ನುತ್ತಾನೆ.

"ಹಾಕ್ಬಹುದು."

"ಅಮ್ಮನಿಗೆ ಗೊತ್ತಾಗುತ್ತೆ."

"ಆಗ್ಬಹುದು. ಹೇಳ್ದೇ ಇದ್ರೆ ಏನಾಗ್ಬಹುದು ಅಂತ ನನಗೆ ಗೊತ್ತಿಲ್ಲಪ್ಪ, ಒಳಗಿರೋರಿಗೆ ಗೊತ್ತು. ನಾನಂತೂ ಯಾರಿಗೂ ಹೇಳಲ್ಲ. ಹೇಳೋದು ನಿನ್ನ ಬಾಯಿ."

ಶಿಳ್ಳೆ ನಿಂತಿದೆ. ಕೆಳಗಿನ ಯಾವುದೋ ಮಹಡಿಯಲ್ಲಿ ಯಾರೋ ಲಿಫ್ಟಿಗಾಗಿ ಗುಂಡಿ ಒತ್ತುತ್ತಲೇ ಇದ್ದಾರೆ. "ಬೆಳಗ್ಗೆ ಬಾತ್‌ರೂಮಲ್ಲಿ ಗಾಂಜಾ ಸೇದಿದೆ. ಭಯ ಆಯ್ತು, ಅದಕ್ಕೆ" ಎನ್ನುತ್ತಾನೆ ಆತ ಕೊನೆಗೆ. "ಬಾಗಿಲು ತೆಗೀರಿ, ಹೇಳ್ತೀನಿ."

ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಕೊಡುವ ವೈದ್ಯೆ ಟ್ರಾಲಿಯ ಮೇಲೆ ಬಾಗಿ ಕೇಳಿಸಿಕೊಳ್ಳುತ್ತಾರೆ. ಯಾವಾಗ, ಎಷ್ಟು, ದಿನಾ ಸೇದುವುದುಂಟೇ ಎಂದು ಕೇಳುತ್ತಾರೆ, ಬೈಯುವುದಿಲ್ಲ. ನಿನ್ನೆ ವಾರ್ಡಿನಲ್ಲಿ ಅವರೂ ಕೇಳಿದ್ದರು. ಆಗ ತಾಯಿ ಹಾಸಿಗೆಯ ತುದಿಯಲ್ಲೇ ಕೂತಿದ್ದರು. "ಆಪರೇಷನ್ ಮುಂದಕ್ಕೆ ಹಾಕ್ತಿರೋದು ಶಿಕ್ಷೆ ಅಂತ ಅಲ್ಲ" ಎಂದು ವೈದ್ಯೆ ಅವನಿಗೆ ಹೇಳುತ್ತಾರೆ. "ಈ ಹೊಗೆ ಮೈಯಲ್ಲಿರುವಾಗ ಅರಿವಳಿಕೆ ಕೊಟ್ಟರೆ ನಿಮ್ಮ ಹೃದಯ ಹೇಗೆ ಓಡುತ್ತೆ ಅಂತ ನಮ್ಮ ಲೆಕ್ಕಕ್ಕೆ ಸಿಗಲ್ಲ. ನಿಮ್ಮದು ಮೊದಲೇ ರಿಪೇರಿಯಾದ ಹೃದಯ. ಹೇಳಿದ್ದು ಒಳ್ಳೇದಾಯ್ತು."

ಟ್ರಾಲಿ ಹೋದ ಹಾಗೆಯೇ ಕೆಳಗಿಳಿಯುತ್ತದೆ. ಮೂರನೇ ಮಹಡಿಯಲ್ಲಿ ಬಾಗಿಲು ತೆರೆದಾಗ ತಾಯಿ ಇನ್ನೂ ಅಲ್ಲೇ ನಿಂತಿದ್ದಾರೆ. ಇಷ್ಟು ಬೇಗ ಮರಳಿದ ಟ್ರಾಲಿಯನ್ನು ಕಂಡು ಆಕೆಯ ಕೈ ಗೋಡೆ ಹುಡುಕುತ್ತದೆ. ಮಗ ಕೈ ಎತ್ತಿ, "ಬದುಕಿದ್ದೀನಮ್ಮಾ" ಎನ್ನುತ್ತಾನೆ. ಕಾರಣವೂ ಲಿಫ್ಟಕ್ಕ ಕೇಳಿದ್ದೂ ಮಗನಿಂದ ತಿಳಿದ ಮೇಲೆ ಆ ಕೈಗೆ ಬೇರೆ ಶಕ್ತಿ ಬರುತ್ತದೆ. ಲಿಫ್ಟಿನ ಬಾಗಿಲು ಮುಚ್ಚದಂತೆ ಹಿಡಿದು, ಇಡೀ ಕಾರಿಡಾರಿಗೆ ಕೇಳುವಂತೆ ಕೂಗುತ್ತಾರೆ. "ನನ್ನ ಮಗ ಬೀಡಿ ತುಂಡು ಮುಟ್ಟಿದೋನಲ್ಲ! ಏನ್ ಹೇಳ್ಸಿದೆ ಅವನ ಬಾಯಲ್ಲಿ? ತಿಂಗಳುಗಟ್ಟಲೆ ಕಾದು ಸಿಕ್ಕಿದ ದಿನ ಇದು! ಅವನಿಗೆ ಏನಾದ್ರೂ ಆದ್ರೆ ನೀನು ಜವಾಬ್ದಾರಿನಾ?"

ಲಿಫ್ಟಕ್ಕ ಸ್ಟೂಲಿನಿಂದ ಎದ್ದು ನಿಂತು ಕೇಳಿಸಿಕೊಳ್ಳುತ್ತಾರೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಕೂತಿದ್ದಾಗ ಇಷ್ಟು ಮಾತ್ರ ಹೇಳುತ್ತಾರೆ: "ಆಯಮ್ಮ ಕೇಳಿದ್ದು ಸರಿಯಾಗೇ ಇದೆ. ಈ ಮಧ್ಯೆ ಅವನಿಗೆ ಏನಾದ್ರೂ ಆದ್ರೆ? ಹೃದಯ ಕಾಯ್ಕೊಂಡು ಕೂರುತ್ತಾ?"

ಆ ಪ್ರಶ್ನೆ ಮುಂದಿನ ಎರಡು ವಾರ ಲಿಫ್ಟಿನಲ್ಲೇ ಓಡಾಡುತ್ತದೆ. ಯುವಕ ವಾರ್ಡಿನಲ್ಲೇ ಉಳಿದಿದ್ದಾನೆ. ಪರೀಕ್ಷೆಗಳಿಗೆ ಇಳಿಯುವಾಗ, ಏರುವಾಗ ಇದೇ ಲಿಫ್ಟು. ಮೊದಲ ದಿನಗಳಲ್ಲಿ ನಿದ್ದೆಯಿಲ್ಲ, ಸಿಟ್ಟು, ಕೈಗೆ ಮಾಡಲು ಕೆಲಸವಿಲ್ಲ. ಟ್ರಾಲಿಯಣ್ಣ ತನ್ನ ಹಳೆಯ ಕನ್ನಡಕ ತಂದುಕೊಟ್ಟು, "ಉಜ್ಜು, ನನಗೆ ಈ ಲಿಫ್ಟಕ್ಕ ಇನ್ನೂ ಚೆಂದ ಕಾಣ್ಬೇಕು" ಎನ್ನುತ್ತಾನೆ. "ಗಾಜು ಉಜ್ಜಿದ್ರೆ ಸಾಲದು, ನಿನ್ನ ಕಣ್ಣೇ ಉಜ್ಜಬೇಕು" ಎಂದು ಉತ್ತರ ಬರುತ್ತದೆ. ಒಂದು ರಾತ್ರಿ ಅವನ ಬಡಿತ ತಪ್ಪಿ, ವಾರ್ಡಿನಲ್ಲಿ ಓಡಾಟವಾಗಿ, ಬೆಳಗಾಗುವಷ್ಟರಲ್ಲಿ ಹತೋಟಿಗೆ ಬರುತ್ತದೆ. ಆ ಬೆಳಗ್ಗೆ ಲಿಫ್ಟಕ್ಕ ಗುಂಡಿಗಳನ್ನು ಎರಡೆರಡು ಸಲ ಒರೆಸುತ್ತಾರೆ.

ಆಪರೇಷನ್ನಿಗೆ ಗೊತ್ತಾದ ಹೊಸ ದಿನಾಂಕದ ಹಿಂದಿನ ದಿನ ಅದೇ ವೈದ್ಯೆ ಜಿರಾಫೆಯ ಕೆಳಗೆ ಬಂದು ಅದೇ ಪ್ರಶ್ನೆ ಕೇಳುತ್ತಾರೆ. ತಾಯಿ ಬಾಯಿ ತೆರೆಯುವ ಮೊದಲು ಮಗ, "ಅಮ್ಮಾ, ನೀನು ಸ್ವಲ್ಪ ಹೊರಗಿರು" ಎನ್ನುತ್ತಾನೆ. ಆ ವಾರ್ಡಿನಲ್ಲಿ ಅಂಥ ಮಾತನ್ನು ಯಾರೂ ಅಷ್ಟು ಮೆತ್ತಗೆ ಹೇಳಿದ್ದು ತಾನು ಕೇಳಿಲ್ಲ ಎಂದು ಸಿಸ್ಟರ್ ನೆನೆಯುತ್ತಾರೆ. ಗಾಂಜಾ ನಿಂತಿದೆ, ಸಿಗರೇಟು ಮೊನ್ನೆ ಒಂದು ಸೇದಿದೆ ಎಂದು ಆತ ಇದ್ದದ್ದನ್ನು ಇದ್ದ ಹಾಗೆ ಹೇಳಿದನಂತೆ. ಮರುದಿನ ಆರನೇ ಮಹಡಿಯಲ್ಲಿ ಲಿಫ್ಟಕ್ಕ ಕೀಲಿ ಹಿಡಿದು ಕೇಳಿದಾಗ, "ಎಲ್ಲ ಕೆಳಗೇ ಹೇಳಿ ಬಂದೆ ಅಕ್ಕ" ಎನ್ನುತ್ತಾನೆ. ಬಾಗಿಲು ಕೂಡಲೇ ತೆರೆದುಕೊಳ್ಳುತ್ತದೆ.

ಆಪರೇಷನ್ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಆತ ಆ ಮಹಡಿಯಲ್ಲೇ, ಗಾಜಿನ ಕೋಣೆಯಲ್ಲಿದ್ದಾನೆ, ಹೊಸ ಕವಾಟ ಕೆಲಸ ಮಾಡುತ್ತಿದೆ. ಗಾಜಿನಿಂದ ನೋಡಿ ಬಂದ ತಾಯಿ, ಖಾಲಿ ಇಳಿಯುತ್ತಿದ್ದ ಈ ಲಿಫ್ಟಿನೊಳಗೆ ಕಾಲಿಡುತ್ತಾರೆ. ಬೋರ್ಡಿನ ಮಾತೇನು? "ಮೇಲೆ ಹೋಗೋವಾಗ ಸಂಬಂಧಿಕರು" ಎನ್ನುತ್ತಾರೆ ಲಿಫ್ಟಕ್ಕ. "ಕೆಳಗೆ ಬರೋವಾಗ ಬರೀ ಸುಸ್ತಾದೋರು."

ಮಾರನೆಯ ದಿನ, ಅದೇ ಸ್ಟೂಲಿನ ಮೇಲೆ ಕೂತು, ಆ ತಾಯಿ ಏನು ಹೇಳಿದರೆಂದು ಅವರು ಹೇಳುತ್ತಾರೆ. ಕ್ಷಮೆ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. "'ನಂಗೆ ಗೊತ್ತಿತ್ತು ಕಣಮ್ಮಾ' ಅಂದ್ರು. 'ಅವನ ದಿಂಬಿನ ಕವರು ಒಗೆಯೋಳು ನಾನೇ ಅಲ್ವಾ, ಎಷ್ಟು ವರ್ಷದಿಂದ ಆ ವಾಸನೆ. ಕೇಳಿದ್ರೆ ಅವನು ನನಗೆ ಸುಳ್ಳು ಹೇಳ್ಬೇಕಾಗುತ್ತಲ್ಲ ಅಂತ ಕೇಳ್ಲಿಲ್ಲ. ಅವನ ಬದಲು ಆ ಸುಳ್ಳನ್ನ ನಾನೇ ಹೇಳ್ಕೊಂಡು ಬಂದೆ.'"

ನೀವೇನು ಹೇಳಿದಿರಿ?

"ಅಷ್ಟರಲ್ಲಿ ಮೂರನೇ ಮಹಡಿ ಬಂದಿತ್ತು." ಲಿಫ್ಟಕ್ಕ ಸ್ವೆಟರಿನ ತೋಳನ್ನು ಮಡಚಿಕೊಳ್ಳುತ್ತಾರೆ. "ಬಾಗಿಲು ತೆಗೀಲಿಲ್ಲ. ಹೊರಗೆ ಎಷ್ಟು ಜನ ಗುಂಡಿ ಒತ್ತುತ್ತಾ ಇದ್ರೂ ತೆಗೀಲಿಲ್ಲ. ಆಯಮ್ಮ ಅತ್ತು ಮುಗಿಸಿ, ಮುಖ ಒರೆಸ್ಕೊಂಡು, ಹೂಂ ಅನ್ನೋವರೆಗೂ."