ಮಡಿಯಲ್ಲಿ ರಿಪೇರಿಯಾದ ಮೀನಿನ ರೀಲು

ಉಮಾಮಹೇಶ್ವರ ಮೇಷ್ಟ್ರು ಮೂಡಿಗೆರೆಯಲ್ಲಿ ಮೀನು ಹಿಡಿಯುವ ರೀಲು ರಿಪೇರಿ ಮಾಡುತ್ತಾರೆ ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುವವರು ಅವರು. ಈರುಳ್ಳಿ ಹೆಚ್ಚಿದ ಚಾಕುವಿನಲ್ಲಿ ಬಾಳೆಹಣ್ಣು ಹೆಚ್ಚಿ ಕೊಟ್ಟರೂ ಮುಟ್ಟುವವರಲ್ಲ. ಸಾಲದ್ದಕ್ಕೆ, ಕಳಸದಾಚೆಯ ಊರಿನಲ್ಲಿ ಭದ್ರಾ ದಡದ ಪುಟ್ಟ ದೇವಸ್ಥಾನದ ಅರ್ಚಕರ ಮನೆತನ ಅವರದು. ಅಲ್ಲಿ ಪೂಜೆ ಮುಗಿದ ಮೇಲೆ ನೈವೇದ್ಯದ ಅನ್ನವನ್ನು ಮೊದಲು ಹೊಳೆಯ ಮೀನುಗಳಿಗೆ ಹಾಕಬೇಕು, ಆಮೇಲೆ ಮನೆಯವರ ಊಟ. ಆ ಮೀನುಗಳಿಗೆ ಬಲೆ ಬೀಸುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ವಾರವಿಡೀ ಆ ಅನ್ನ ಹಾಕುವವಳು ಮೇಷ್ಟ್ರ ಹೆಂಡತಿ ಅಂಬುಜಾ. ಭಾನುವಾರ ಮಾತ್ರ ಮೇಷ್ಟ್ರ ಸರದಿ. ಆ ಒಂದು ಭಾನುವಾರಕ್ಕಾಗಿಯೇ ಅವರು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಕಳಸದ ಬಸ್ಸಿಗೆ ಓಡುತ್ತಿದ್ದರು.

ಉಳಿದ ದಿನಗಳ ಸಂಜೆಯದೇ ಕಷ್ಟ. ಮೂಡಿಗೆರೆಯ ಬಾಡಿಗೆ ಕೋಣೆ, ತಾವೇ ಮಾಡಿಕೊಂಡ ಸಾರು, ಆಮೇಲೆ ಗೋಡೆ. ಮೇಷ್ಟ್ರಿಗೆ ಮನೆಯ ನೆನಪು ಬಹಳ ಕಾಡುತ್ತಿತ್ತು. ಐವತ್ತರ ಹತ್ತಿರದ ಗಂಡಸು ಹಾಗೆಲ್ಲ ಹೇಳಿಕೊಳ್ಳಬಾರದೆಂದು ಸುಮ್ಮನಿದ್ದರು, ಅಷ್ಟೆ.

ಕೋಣೆ ಕೊಟ್ಟವರು ಜಾವಳಿ ಕಡೆಯ ಕಾಫಿ ಪ್ಲಾಂಟರ್ ಸುಬ್ಬಣ್ಣನವರು. ಅವರ ಹಳೆಯ ಸಾಮಾನೆಲ್ಲ ಆ ಕೋಣೆಯ ಅಟ್ಟದಲ್ಲೇ ಇತ್ತು. ಒಂದು ಸಂಜೆ ಪಂಚಾಂಗ ಹುಡುಕಲು ಹೋದ ಮೇಷ್ಟ್ರ ಕೈಗೆ, ಗಾಳದ ಕೋಲಿಗೆ ಸಿಕ್ಕಿಸಿ ದಾರ ಸುತ್ತುವ, ತುಕ್ಕು ಹಿಡಿದ ರೀಲೊಂದು ಸಿಕ್ಕಿತು. ಹಿಡಿಕೆ ತಿರುಗಿಸಿದರೆ ತಿರುಗಲಿಲ್ಲ. ತಿರುಗದ ವಸ್ತುವನ್ನು ಕಂಡರೆ ಕೆಲವರಿಗೆ ಸುಮ್ಮನಿರಲಾಗುವುದಿಲ್ಲ. ಮೇಷ್ಟ್ರು ಸ್ಕ್ರೂ ಬಿಚ್ಚಿದರು. ಒಳಗಿದ್ದ ಸ್ಪ್ರಿಂಗು ಟಣ್ಣನೆ ಹಾರಿ ಮಂಚದ ಕೆಳಗೆ ಹೋಯಿತು. ಅದನ್ನು ಹುಡುಕಿ, ಮತ್ತೆ ಅದರ ಜಾಗದಲ್ಲಿ ಕೂರಿಸುವುದರಲ್ಲಿ ವಾರ ಕಳೆಯಿತು. ಆ ವಾರ ಗೋಡೆ ನೋಡಿದ ನೆನಪೇ ಅವರಿಗಿಲ್ಲ.

ಮುಂದಿನ ಪಾಠವೆಲ್ಲ ಮೊಬೈಲಿನಲ್ಲಿ. ಯಾವುದೋ ದೇಶದ ಗಡ್ಡದ ಮನುಷ್ಯನೊಬ್ಬ ರೀಲು ಬಿಚ್ಚಿ ಜೋಡಿಸುವುದನ್ನು ಸೊಗಸಾಗಿ ತೋರಿಸುತ್ತಿದ್ದ. ಅವನಲ್ಲಿದ್ದ ದೋಷ ಒಂದೇ, ಪ್ರತಿ ವಿಡಿಯೋವನ್ನೂ ಒಂದು ದೊಡ್ಡ ಮೀನಿಗೆ ಮುತ್ತಿಟ್ಟು ಶುರುಮಾಡುತ್ತಿದ್ದ. ಮೇಷ್ಟ್ರು ಮುಖ ಆಚೆ ತಿರುಗಿಸಿ, ಅಷ್ಟು ಭಾಗವನ್ನು ಹೆಬ್ಬೆರಳಲ್ಲಿ ಮುಂದಕ್ಕೆ ತಳ್ಳಿ, ಆಮೇಲೆ ಭಕ್ತಿಯಿಂದ ನೋಡುತ್ತಿದ್ದರು.

ಅಂಬುಜಾಗೆ ಮುಚ್ಚಿಡಲಿಲ್ಲ. ಫೋನಿನಲ್ಲೇ ಹೇಳಿದರು.

"ಮೀನಿನ ರೀಲಾ? ಎಂತದ್ರೀ ನಿಮ್ಮ ಅವಸ್ಥೆ!"

"ಬರೀ ಯಂತ್ರ ಮಾರಾಯ್ತಿ ಅದು. ನಿನ್ನ ಹೊಲಿಗೆ ಮಿಷನ್ ಇದ್ದ ಹಾಗೆ. ಮೀನಿಗೂ ನಂಗೂ ಎಂತ ಸಂಬಂಧ?"

ಅಂಬುಜಾ ಷರತ್ತು ಹಾಕಿದಳು. "ಸಂಬಂಧ ಇಲ್ದಿದ್ರೆ ಸರಿ. ಸಂಬಂಧ ಬಂದ ದಿನ ನೀವು ಹೊಳೆಗೆ ಅನ್ನ ಹಾಕೋ ಹಾಗಿಲ್ಲ, ಈಗ್ಲೇ ಹೇಳಿದೀನಿ."

ಮೇಷ್ಟ್ರು ನಕ್ಕು ಒಪ್ಪಿಕೊಂಡರು. ಸಂಬಂಧ ಬಾರದಂತೆ ಕಾನೂನನ್ನೂ ಮಾಡಿದರು. ಸುಬ್ಬಣ್ಣನವರಿಂದ ಸುದ್ದಿ ಹಬ್ಬಿ ನಾಲ್ಕಾರು ಎಸ್ಟೇಟಿನವರು ರೀಲು ತರತೊಡಗಿದ್ದರಲ್ಲ, ಅವರೆಲ್ಲ ಗಾಳ ಬಿಚ್ಚಿಯೇ ತರಬೇಕು. ಬಂದ ರೀಲಿಗೆ ಮೊದಲು ಅಂಟುವಾಳದ ನೀರಿನ ಸ್ನಾನ. ಏಕಾದಶಿಯಂದು ಕೆಲಸವಿಲ್ಲ. ಮೀನಿನ ಗಾತ್ರದ ಕಥೆಗಳನ್ನು ಕೋಣೆಯ ಹೊರಗೇ ಮುಗಿಸಿ ಬರಬೇಕು. ಪ್ಲಾಂಟರುಗಳು ಚಪ್ಪಲಿ ಕಳಚಿ, ರೀಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಬರುತ್ತಿದ್ದರು. ಅಂಗಡಿಯ ಗ್ರೀಸನ್ನು ಮಾತ್ರ ಮೇಷ್ಟ್ರು ಹತ್ತಿರ ಸೇರಿಸಲಿಲ್ಲ. ಅದರಲ್ಲಿ ಯಾವ ಪ್ರಾಣಿಯ ಕೊಬ್ಬಿದೆಯೋ ಬಲ್ಲವರಾರು? ಬದಲಿಗೆ ಮನೆಯಿಂದ ತಂದ ಶುದ್ಧ ಕೊಬ್ಬರಿ ಎಣ್ಣೆ. ರೀಲು ಬೆಣ್ಣೆಯಂತೆ ತಿರುಗುತ್ತಿತ್ತು, ಕೋಣೆಯೂ ಘಮಘಮಿಸುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಸುಬ್ಬಣ್ಣನವರು ಎಸ್ಟೇಟಿನ ಕೆರೆಯಿಂದ ನೇರ ಕೋಣೆಗೆ ಬಂದರು. ಮುಖ ಸಪ್ಪಗಿತ್ತು.

"ಕೈ ಕೊಡ್ತಲ್ಲ ಮೇಷ್ಟ್ರೇ ನಿಮ್ಮ ರೀಲು! ವರ್ಷದಿಂದ ಕಾಯ್ತಿದ್ದೆ ಆ ದೊಡ್ಡ ಕಾಟ್ಲಾ ಮೀನಿಗೆ. ಎಳೀತು, ದಾರ ಬಿಡ್ಲೇ ಇಲ್ಲ. ಪಟ್ ಅಂತ ತುಂಡಾಗಿ ಹೋಯ್ತು."

ಮೀನು ಜೋರಾಗಿ ಎಳೆದಾಗ ದಾರವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡಲು ರೀಲಿನೊಳಗೆ ಬ್ರೇಕಿನ ಬಿಲ್ಲೆಗಳಿರುತ್ತವೆ. ಮೇಷ್ಟ್ರು ಅವಸರದಲ್ಲಿ ಬಿಚ್ಚಿ ನೋಡಿದರು. ಮಾಗಿಯ ಚಳಿಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ, ಬಿಲ್ಲೆಗಳೆಲ್ಲ ಒಂದಕ್ಕೊಂದು ಅಂಟಿ ಕೂತಿದ್ದವು. ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ದಿನಾ ಬೆಳಿಗ್ಗೆ ಒಲೆಯ ಪಕ್ಕ ಇಟ್ಟು ಕರಗಿಸುವ ಮನುಷ್ಯನಿಗೆ ಇದು ಹೊಳೆಯಲಿಲ್ಲವಲ್ಲ!

ನ್ಯಾಯವಾಗಿ ನೋಡಿದರೆ ಮೇಷ್ಟ್ರು ಸಂತೋಷಪಡಬೇಕಿತ್ತು. ಒಂದು ಜೀವ ಉಳಿದಿತ್ತು, ಅದೂ ಅವರ ಮಡಿಯಿಂದಲೇ. ಶಾಲೆಗೆ ಹೋಗುವ ದಾರಿಯುದ್ದಕ್ಕೂ ಸಂತೋಷಪಡಲು ಪ್ರಯತ್ನಿಸಿದರು. ಆಗಲಿಲ್ಲ. ಎಂಟನೇ ತರಗತಿಯಲ್ಲಿ ರಾಮಶಬ್ದ ಹೇಳಿಸುವಾಗಲೂ ಆ ತುಂಡಾದ ದಾರವೇ ಕಣ್ಣ ಮುಂದೆ. ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ, ಯಾವ ಕೊಬ್ಬೆಂದು ಕೇಳದೆ, ಒಂದು ಡಬ್ಬಿ ಗ್ರೀಸು ಕೊಂಡರು. ಬಿಲ್ಲೆಗಳನ್ನು ಉಜ್ಜಿ, ತೆಳ್ಳಗೆ ಗ್ರೀಸು ಸವರಿ, ಬೆರಳಲ್ಲಿ ದಾರ ಎಳೆದೆಳೆದು ಪರೀಕ್ಷಿಸಿದರು. ಆದರೆ ಬೆರಳು ಎಷ್ಟು ಎಳೆದೀತು?

"ಸುಬ್ಬಣ್ಣನವ್ರೇ, ಶನಿವಾರ ಕೆರೆಗೆ ನಾನೂ ಬರ್ತೇನೆ," ಎಂದರು. "ಮೀನು ನೋಡ್ಲಿಕ್ಕಲ್ಲ. ರೀಲಿನ ಶಬ್ದ ಕೇಳ್ಬೇಕು."

"ಬನ್ನಿ ಬನ್ನಿ. ನಿಮ್ಮನ್ನ ಮರದ ಹಿಂದೆ ನಿಲ್ಲಿಸೋಣ," ಎಂದು ಸುಬ್ಬಣ್ಣನವರು ನಕ್ಕರು.

ಶನಿವಾರ ಬೆಳಕು ಹರಿಯುವಾಗ ಮೇಷ್ಟ್ರು ನಿಜಕ್ಕೂ ಕೆರೆಯ ಏರಿಯ ಮೇಲೆ ಒಂದು ಹಲಸಿನ ಮರದ ಹಿಂದೆ, ಮಫ್ಲರ್ ಸುತ್ತಿಕೊಂಡು, ಕೆರೆಗೆ ಬೆನ್ನು ಹಾಕಿ ನಿಂತಿದ್ದರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ರೀಲು ಕಿರ್ರ್ ಎಂದಿತು. ದಾರ ಬಿಟ್ಟುಕೊಡುತ್ತಿತ್ತು! ಸಮವಾಗಿ, ತಡೆಯಿಲ್ಲದೆ. ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಶಬ್ದ ಒಮ್ಮೆಲೇ ನಿಂತಾಗ ಬೆನ್ನು ಹಾಕಿ ನಿಲ್ಲಲು ಅವರಿಂದಾಗಲಿಲ್ಲ. ಪಂಚೆ ಎತ್ತಿಕಟ್ಟಿ ಏರಿಯಿಂದಿಳಿದು ಓಡಿದರು. ಕೆರೆಯ ಮಧ್ಯೆ ನೀರು ಕಲಕಿ ದೊಡ್ಡದೊಂದು ಬೆನ್ನು ಕಾಣಿಸಿತು.

"ಬಿಡ್ಬೇಡಿ! ಬಿಡ್ಬೇಡಿ ಸುಬ್ಬಣ್ಣನವ್ರೇ! ಸುತ್ತಿ, ಈಗ ಸುತ್ತಿ!"

ಕೂಗುತ್ತಿರುವುದು ತಾವೇ ಎಂದು ಮೇಷ್ಟ್ರಿಗೆ ಗೊತ್ತಾಗಲು ಸ್ವಲ್ಪ ಸಮಯ ಹಿಡಿಯಿತು. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ.

ಮೀನು ದಡಕ್ಕೆ ಬಂತು. ಸುಬ್ಬಣ್ಣನವರು ಅದನ್ನು ತಬ್ಬಿ ಹಿಡಿದು ಒಂದು ಫೋಟೋ ತೆಗೆಸಿಕೊಂಡರು. ಗಾಳವನ್ನು ಮೆಲ್ಲಗೆ ಬಿಡಿಸಿ, ಮೀನನ್ನು ನೀರಿಗಿಳಿಸಿ, ಬಾಲ ಸವರಿ ಬಿಟ್ಟುಬಿಟ್ಟರು. ಅದು ಹೋಗಿಯೇ ಹೋಯಿತು.

"ಅಯ್ಯೋ, ಬಿಟ್ಟೇ ಬಿಟ್ರಾ?" ಮೇಷ್ಟ್ರು ನೀರಿನಂಚಿಗೇ ಬಂದು ಬಗ್ಗಿ ನೋಡಿದರು. "ಇಷ್ಟೆಲ್ಲ ಕಷ್ಟಪಟ್ಟು ಹಿಡಿದು!"

ಸುಬ್ಬಣ್ಣನವರು ಒದ್ದೆ ಕೈ ಒರೆಸಿಕೊಳ್ಳುತ್ತ ಅವರನ್ನೇ ನೋಡಿದರು. "ಈ ಕೆರೆ ಮೀನನ್ನ ನಾನು ತಿನ್ನೋದಿಲ್ಲ ಮೇಷ್ಟ್ರೇ. ನಿಮ್ಗೆ ಬೇಕಿತ್ತು ಅಂದ್ರೆ ಮೊದ್ಲೇ ಹೇಳ್ಬಾರ್ದಾ ಮಾರಾಯ್ರೇ?"

ಶಾಲೆ ಮುಗಿಸಿ ಹತ್ತಿದ ಆ ಮಧ್ಯಾಹ್ನದ ಕಳಸದ ಬಸ್ಸಿನಲ್ಲಿ ಮೇಷ್ಟ್ರು ದಾರಿಯುದ್ದಕ್ಕೂ ತಮ್ಮ ಕೇಸು ತಾವೇ ವಾದಿಸಿದರು. ಮುಟ್ಟಿದ್ದು ಯಂತ್ರ. ಕೂಗಿದ್ದು ಯಂತ್ರಕ್ಕಾಗಿ. ಮೀನಂತೂ ಬದುಕಿದೆ. ಬಾಳೆಹೊಳೆ ದಾಟುವಷ್ಟರಲ್ಲಿ ಕೇಸು ಗೆದ್ದಿದ್ದರು.

ಭಾನುವಾರ ಪೂಜೆ ಮುಗಿಸಿ, ಅನ್ನದ ಪಾತ್ರೆ ಹಿಡಿದು ಹೊಳೆಯ ಮೆಟ್ಟಿಲಿಳಿದರು. ಅಂಬುಜಾ ಹಿಂದೆಯೇ ಬಂದಳು. ಮೊದಲ ಹಿಡಿ ಬೀಳುತ್ತಲೇ ನೀರು ಕಪ್ಪಾಯಿತು. ದೇವರ ಮೀನುಗಳು ಒಂದರ ಮೇಲೊಂದು ಬಂದವು. ಎಲ್ಲವನ್ನೂ ಸರಿಸಿಕೊಂಡು ಮುದಿ ಮೀನೊಂದು ನಿಧಾನಕ್ಕೆ ಮೇಲೆದ್ದು ಬಾಯಿ ತೆರೆಯಿತು. ಮೇಷ್ಟ್ರ ಕೈ ಅನ್ನದಲ್ಲೇ ನಿಂತಿತು.

"ಎಂಟು ಕೆಜಿ ಆದ್ರೂ ಇದೆ," ಎಂದರು.

ಹೇಳಿದ ಮಾತು ಹೊಳೆಗೆ ಬೀಳಲಿಲ್ಲ, ಹಿಂದೆ ನಿಂತವಳ ಕಿವಿಗೆ ಬಿತ್ತು. ಅಂಬುಜಾ ಒಂದು ಮೆಟ್ಟಿಲು ಇಳಿದು ಗಂಡನ ಮುಖ ನೋಡಿದಳು. ಅವರ ಕೈಯಿಂದ ಪಾತ್ರೆಯನ್ನು ತಾನೇ ತೆಗೆದುಕೊಂಡಳು.

"ಹನ್ನೆರಡು," ಎಂದಳು ಅನ್ನ ಹಾಕುತ್ತ. "ಸಾಕಿದವ್ಳಿಗೆ ಗೊತ್ತಿರಲ್ವಾ?"

ಮೇಷ್ಟ್ರು ಖಾಲಿ ಕೈಯಲ್ಲಿ ನಿಂತರು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಅದು ನಿಜ. ಹನ್ನೆರಡಾದರೆ ರೀಲಿನ ಬ್ರೇಕನ್ನು ಇನ್ನೂ ಕಾಲು ಸುತ್ತು ಸಡಿಲಿಸಬೇಕೆಂದು ಆಗಲೇ ಲೆಕ್ಕ ಹಾಕಿ ಮುಗಿಸಿದ್ದೂ ನಿಜ.